ಸೋಮವಾರ ತಂದು ತೋರಿಸು

ಆಧಾರ್ ಕಾರ್ಡಿನ ಜೆರಾಕ್ಸ್ ಹುಡುಕಲು ಹೋದವರಿಗೆ ಆಧಾರ್ ಕಾರ್ಡಿನ ಜೆರಾಕ್ಸ್ ಸಿಕ್ಕ ಉದಾಹರಣೆ ನಮ್ಮ ಮನೆಯ ಇತಿಹಾಸದಲ್ಲಿಲ್ಲ. ಜೇವರ್ಗಿ ಕಾಲೋನಿಯ ನಮ್ಮ ಮನೆಯ ಕಬ್ಬಿಣದ ಕಪಾಟಿನಲ್ಲಿ ಮೇಲಿನ ಖಾನೆ ನನ್ನದು. ಬೇಕಾದದ್ದು ಅದರೊಳಗೆ ತಳ ಸೇರುತ್ತದೆ, ಬೇಡದ್ದು ಮೇಲಕ್ಕೆ ಬರುತ್ತದೆ. ಹಿಂದಿನ ತಿಂಗಳು ಹೀಗೆ ಕೈಹಾಕಿದಾಗ ನನ್ನ ಮುತ್ಯಾ ಬರೆದ ಒಂದು ಕಾಗದ ಸಿಕ್ಕಿತು. ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ. ಕಾಗದ ಹಳದಿಯಾಗಿತ್ತು, ಮಡಿಕೆಗಳಲ್ಲಿ ಹರಿದಿತ್ತು. ಅಕ್ಷರ ಮಾತ್ರ ನಿನ್ನೆ ಬರೆದಷ್ಟು ದುಂಡಗೆ ಉಳಿದಿತ್ತು. ಯಾರದೋ ಎರಡು ಹೊಲಗಳ ನಡುವಿನ ಬದುವಿನ ತಂಟೆಯ ಕಾಗದವನ್ನು ನೋಡಿ ಇಳಿಸಿಕೊಂಡ ಪ್ರತಿ ಅದು. ಪೂರ್ವಕ್ಕೆ ಬೇವಿನ ಗಿಡ, ಪಶ್ಚಿಮಕ್ಕೆ ಬಾವಿ ಎಂದು ಓದುತ್ತ ಹೋದರೆ ನಡುವೆ ಒಂದು ಕಡೆ ಸಾಲು ತಡೆದು ನಿಂತಿತ್ತು. ಅಲ್ಲಿ ಕಂಸ ಹಾಕಿ ಮುತ್ಯಾ ಬರೆದಿದ್ದ: "ಇಲ್ಲಿ ಅಸಲಿನಲ್ಲಿ ಎಣ್ಣೆಯ ಕಲೆ ಇದೆ."

ಆಧಾರ್ ಕಾರ್ಡು ಅಲ್ಲಿಗೇ ಮರೆತುಹೋಯಿತು. ನೆಲದ ಮೇಲೆ ಕೂತು ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ಮುತ್ಯಾ ಸರಕಾರಿ ಕಚೇರಿಯಲ್ಲಿ ನಕಲನವೀಸನಾಗಿದ್ದ. ಜೆರಾಕ್ಸ್ ಯಂತ್ರ ಬರುವ ಮೊದಲು ಮನುಷ್ಯರೇ ಆ ಕೆಲಸ ಮಾಡುತ್ತಿದ್ದರು. ಹೊಲ ಮನೆಯ ಕಾಗದದ ಪ್ರತಿ ಬೇಕಾದವರು ಅರ್ಜಿ ಕೊಡಬೇಕು, ನಕಲನವೀಸ ಅಸಲು ಕಾಗದವನ್ನು ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಇಳಿಸಿಕೊಡಬೇಕು. ನಿಜಾಮರ ಕಾಲದಲ್ಲಿ ಮುತ್ಯಾ ಉರ್ದುವಿನಲ್ಲಿ ಇಳಿಸಿದ, ಆಮೇಲೆ ಕನ್ನಡದಲ್ಲಿ ಇಳಿಸಿದ. ಭಾಷೆ ಬದಲಾದರೂ ಕೊನೆಯಲ್ಲಿ ಬರೆಯುವ ಮಾತನ್ನು ಬಿಡಲಿಲ್ಲ: "ನಕಲು ಮುತಾಬಿಕ್ ಅಸಲ್." ನಕಲು ಅಸಲಿನಂತೆಯೇ ಇದೆ ಎಂದು ಅದರ ಅರ್ಥ. ಅದರ ಕೆಳಗೆ ತನ್ನ ಹೆಸರು ಮತ್ತು ತಾರೀಖು. ಹಾಳೆಯ ನೆತ್ತಿಯ ಮೇಲೆ, ನಡುವೆ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ "ನಕಲು" ಎಂಬ ಪದ. ಅಸಲಿನಲ್ಲಿ ಕಾಗುಣಿತದ ತಪ್ಪಿದ್ದರೆ ಆ ತಪ್ಪನ್ನೇ ಬರೆಯುತ್ತಿದ್ದ.

"ತಿದ್ದೂದು ನನ್ನ ಕೆಲಸಲ್ಲೋ ತಮ್ಮಾ" ಎನ್ನುತ್ತಿದ್ದ. "ಅಂವ ತಪ್ಪು ಬರ್ದಾನಂದ್ರ ಅದು ಅವನ ತಪ್ಪು. ನಾ ತಿದ್ದಿದ್ರ ಅದು ನನ್ನ ತಪ್ಪು."

ಇಂಥ ಮನುಷ್ಯನ ಮೊಮ್ಮಗ ನಾನು. ನನ್ನ ಹೊಟ್ಟೆಪಾಡು ನಕಲು ಹಿಡಿಯುವುದು.

ಹೇಳಿಕೊಳ್ಳಲು ಕಲಬುರಗಿಯ ಒಂದು ಕಾಲೇಜಿನಲ್ಲಿ ನಾನು ಕನ್ನಡ ಮೇಷ್ಟ್ರು. ಆದರೆ ನಮ್ಮ ಕಾಲೇಜಿನಲ್ಲಿ ಕೃತಿಚೌರ್ಯ ತಡೆ ಸಮಿತಿ ಎಂಬುದೊಂದಿದೆ. ಯಾವ ಸಭೆಗೆ ಯಾರು ಬರುವುದಿಲ್ಲವೋ ಅವರನ್ನೇ ಆ ಸಭೆಯಲ್ಲಿ ಸಂಚಾಲಕರನ್ನಾಗಿ ಮಾಡುವುದು ನಮ್ಮಲ್ಲಿಯ ರೂಢಿ. ಆ ದಿನ ನನಗೆ ನೆಗಡಿಯಾಗಿತ್ತು. ಮರುದಿನ ಬಂದಾಗ ನಾನು ಸಂಚಾಲಕನಾಗಿದ್ದೆ. ಉಳಿದ ಸದಸ್ಯರನ್ನು ಆಮೇಲೆ ನೇಮಿಸುತ್ತೇವೆ ಎಂದರು. ಆ ಆಮೇಲೆ ಇನ್ನೂ ಬಂದಿಲ್ಲ.

ಸಮಿತಿಗೆಂದು ಒಂದು ಸಾಫ್ಟ್‌ವೇರ್ ಬಂತು. ವಿದ್ಯಾರ್ಥಿಗಳು ಪ್ರಬಂಧವನ್ನು ಟೈಪ್ ಮಾಡಿಸಿ ಕೊಡಬೇಕು, ನಾವು ಅದಕ್ಕೆ ಉಣಿಸಬೇಕು, ಎಲ್ಲಿಂದ ಎಷ್ಟು ಎತ್ತಿದ್ದಾರೆಂದು ಅದು ಹೇಳುತ್ತದೆ. ಕನ್ನಡ ಕಂಡರೆ ಅದಕ್ಕೆ ಸ್ವಲ್ಪ ಗಾಬರಿ. ಮೊದಲ ವಾರ ನನ್ನ ವಿದ್ಯಾರ್ಥಿಗಳೆಲ್ಲ "ಕನ್ನಡ ವಿಭಾಗ" ಎಂಬ ಎರಡು ಪದಗಳನ್ನು ಒಬ್ಬರಿಂದೊಬ್ಬರು ಕದ್ದಿದ್ದಾರೆಂದು ವರದಿ ಕೊಟ್ಟಿತು.

ಅದು ಹೇಗೂ ಇರಲಿ, ನಿಜವಾದ ನಕಲು ಹಿಡಿಯಲು ಸಾಫ್ಟ್‌ವೇರ್ ಬೇಕಿಲ್ಲ. ನಕಲು ತಾನೇ ಬಂದು ಕೈಗೆ ಸಿಗುತ್ತದೆ. ಒಂದು ವರ್ಷ "ನನ್ನ ತಾಯಿ" ಎಂದು ಬರೆಯಲು ಹೇಳಿದರೆ ಹನ್ನೊಂದು ಜನರ ತಾಯಂದಿರು ಕೋಳಿ ಕೂಗುವ ಮೊದಲೇ ಎದ್ದು ಅಂಗಳ ಸಾರಿಸಿ ರಂಗೋಲಿ ಹಾಕುತ್ತಿದ್ದರು. ಅವರಲ್ಲಿ ಇಮ್ತಿಯಾಜನ ತಾಯಿಯೂ ಒಬ್ಬರು. ಅವನನ್ನು ಕರೆದು, "ನಿಮ್ಮ ಅಮ್ಮಿ ರಂಗೋಲಿ ಹಾಕ್ತಾರೇನಪ್ಪಾ?" ಎಂದೆ. ಅವನು ಒಂದು ನಿಮಿಷ ಯೋಚಿಸಿ, "ಹಾಕಬಾರ್ದೇನ್ರೀ ಸರ್?" ಎಂದ.

ಈಗಿನವರು ಅಷ್ಟು ಕಷ್ಟಪಡುವುದಿಲ್ಲ, ಫೋನಿಗೆ ಹೇಳಿ ಬರೆಸುತ್ತಾರೆ. ಹೋದ ವರ್ಷ ಒಂದು ಪ್ರಬಂಧದ ಮೊದಲ ಸಾಲೇ ಹೀಗಿತ್ತು: "ಖಂಡಿತ, ನೀವು ಕೇಳಿದ ಪ್ರಬಂಧ ಇಲ್ಲಿದೆ. ಇನ್ನೂ ಚಿಕ್ಕದಾಗಿ ಬೇಕಾದರೆ ತಿಳಿಸಿ." ನಾನು ಕೆಂಪು ಪೆನ್ನಿನಲ್ಲಿ "ಬೇಕು" ಎಂದು ಬರೆದು ಮರಳಿಸಿದೆ.

ನಕಲು ಆಗದಂತೆ ತಡೆಯಲು ನನ್ನದೇ ಒಂದು ಉಪಾಯವಿದೆ. ಗೈಡಿನಲ್ಲಿಯೂ ನೆಟ್ಟಿನಲ್ಲಿಯೂ ಸಿಗದ ವಿಷಯ ಕೊಡಬೇಕು. ಕೆಲಸಕ್ಕೆ ಸೇರಿದ ವರ್ಷವೇ ನಾನು ಒಂದು ವಿಷಯ ಕಂಡುಹಿಡಿದೆ: "ನಮ್ಮ ಮನೆಯ ಒಂದು ಕೋಣೆ." ಯಾರ ಮನೆಯ ಕೋಣೆ ಯಾವ ವೆಬ್‌ಸೈಟಿನಲ್ಲಿ ಸಿಗುತ್ತದೆ ಹೇಳಿ. ಆ ಉಪಾಯ ನನಗೆ ಎಷ್ಟು ಹಿಡಿಸಿತೆಂದರೆ ಇಪ್ಪತ್ತೈದು ವರ್ಷಗಳಿಂದ ಪ್ರತಿ ವರ್ಷ ಅದೇ ವಿಷಯ ಕೊಡುತ್ತ ಬಂದಿದ್ದೇನೆ. ಇತಿಹಾಸದ ಮೇಡಂ ಒಮ್ಮೆ, "ಸರ್, ಹುಡುಗರು ಕಾಪಿ ಹೊಡಿತಾರಂತ ಬೈತೀರಿ. ನೀವು ಪ್ರತಿ ವರ್ಷ ನಿಮ್ಮ ಕ್ವಶ್ಚನ್ ಪೇಪರ್ ಕಾಪಿ ಹೊಡಿತೀರಿ" ಎಂದರು. ಅವರ ಜೊತೆ ನಾನು ಎರಡು ದಿನ ಚಹಾ ಕುಡಿಯಲಿಲ್ಲ.

ನನ್ನ ಇನ್ನೊಂದು ಚಟ, ವಿದ್ಯಾರ್ಥಿಗಳು ಅರ್ಧಂಬರ್ಧ ಬರೆದು ತಂದರೆ ಅಂಚಿನಲ್ಲಿ ಏನಾದರೂ ಗೀಚಿ, ಕೊನೆಗೆ "ಸೋಮವಾರ ತಂದು ತೋರಿಸು" ಎಂದು ಬರೆಯುವುದು. ಬಾಯಲ್ಲಿಯೂ ಅದೇ. ಯಾವ ವಾರವಾದರೂ ನನಗೆ ಸೋಮವಾರವೇ ಬೇಕು. ನನ್ನ ಬೆನ್ನ ಹಿಂದೆ ಹುಡುಗರು ನನ್ನನ್ನು ಸೋಮವಾರದ ಸರ್ ಎನ್ನುತ್ತಾರೆಂದು ನನಗೆ ಗೊತ್ತಿದೆ. ಆದರೆ ಆ ಮಾತು ನನ್ನದಲ್ಲ. ಅದೂ ನಕಲು. ಅದರ ಅಸಲು ನನ್ನ ಊರು ಕಮಲಾಪುರದ ಶಾಲೆಯಲ್ಲಿದೆ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ನಮ್ಮ ಮಾಸ್ತರು "ನನ್ನ ಮುತ್ಯಾ" ಎಂದು ಒಂದು ಪುಟ ಬರೆದು ತರಲು ಹೇಳಿದ್ದರು. ನಾನು ಆಟದ ಅವಸರದಲ್ಲಿ ಪಕ್ಕದಲ್ಲಿ ಕೂಡುತ್ತಿದ್ದ ಚಂದ್ರಶಾನ ಪಾಟಿಚೀಲದಿಂದ ಅವನ ನೋಟ್‌ಬುಕ್ ತೆಗೆದು ಇಳಿಸಿಕೊಂಡೆ. ಅವನ ಮುತ್ಯಾ ಹಳೆಯ ಪೈಲ್ವಾನ. ಹಾಗಾಗಿ ನನ್ನ ಮುತ್ಯಾನೂ ಬೆಳಿಗ್ಗೆ ಎದ್ದು ಸಾಮು ಮಾಡಿ, ಎರಡು ಸೇರು ಹಾಲು ಕುಡಿದು, ಗಿರಿಜಾ ಮೀಸೆ ತಿರುವುತ್ತ ಕಟ್ಟೆಯ ಮೇಲೆ ಕೂಡುವವನಾದ. ಮಾಸ್ತರರಿಗೆ ನನ್ನ ಮುತ್ಯಾನ ಪರಿಚಯ ಚೆನ್ನಾಗಿತ್ತು. ಜೋರಾಗಿ ಗಾಳಿ ಬೀಸಿದರೆ ಛತ್ರಿಯ ಜೊತೆ ಮುತ್ಯಾನೂ ಹಾರುತ್ತಾನೆಂದು ನಮ್ಮ ಓಣಿಯಲ್ಲಿ ನಗುತ್ತಿದ್ದರು. ಮುಖದ ಮೇಲೆ ಮೀಸೆಯ ಗುರುತೇ ಇರಲಿಲ್ಲ. ಮಾಸ್ತರು ಹೊಡೆಯಲಿಲ್ಲ. ನೋಟ್‌ಬುಕ್ ಮುಚ್ಚಿ ಕೈಗೆ ಕೊಟ್ಟು, "ಇದು ಚಂದ್ರಶಾನ ಮುತ್ಯಾ. ನಿನ್ನ ಮುತ್ಯಾನ್ನ ಬರ್ದು ಸೋಮವಾರ ತಂದು ತೋರ್ಸು" ಎಂದರು. ಅಷ್ಟಕ್ಕೇ ಬಿಡದೆ ಸಂಜೆ ಮನೆಗೆ ಬಂದು ಮುತ್ಯಾನಿಗೂ ಹೇಳಿದರು.

ಮುತ್ಯಾ ಬೈಯುತ್ತಾನೆಂದು ನಾನು ಬಾಗಿಲ ಹಿಂದೆ ನಿಂತಿದ್ದೆ. ಅವನು ನನ್ನನ್ನು ಕರೆದು ಪಕ್ಕಕ್ಕೆ ಕೂಡಿಸಿಕೊಂಡ.

"ನಕಲು ಮಾಡಿದ್ಯಂತ?"

ನಾನು ಗೋಣು ಹಾಕಿದೆ.

"ಮ್ಯಾಲ ನಕಲು ಅಂತ ಬರ್ದಿದ್ಯಾ?"

"ಇಲ್ಲ."

"ಯಾರ ಕಾಗದ ನೋಡಿ ಬರ್ದೀನಂತ ಹೆಸರು ಹಾಕಿದ್ಯಾ?"

"ಇಲ್ಲ."

"ಹಂಗಾದ್ರ ಅದು ನಕಲಲ್ಲೋ. ಕಳುವು" ಎಂದ ಮುತ್ಯಾ. "ನಾ ಜಲ್ಮಪೂರ್ತಿ ಮಂದಿ ಬರ್ದದ್ದೇ ಬರ್ದೀನಿ. ಒಂದಿನ ನಂದು ಅಂದಿಲ್ಲ." ಮತ್ತೆ ಹೇಳಿದ, "ಚಂದ್ರಶಾ ಅವರ ಮುತ್ಯಾಂದು ಬರ್ದಾನ. ನಿನ್ನ ಮುತ್ಯಾಂದು ಯಾರು ಬರೀಬೇಕು?"

ಕೃತಿಚೌರ್ಯದ ಬಗ್ಗೆ ಆಮೇಲೆ ನಾನು ಎಷ್ಟೋ ಕಾರ್ಯಾಗಾರಗಳಲ್ಲಿ ಕೂತಿದ್ದೇನೆ. ಊಟದ ಕೂಪನ್ ಜೋಪಾನವಾಗಿಟ್ಟುಕೊಂಡು ದೊಡ್ಡ ದೊಡ್ಡ ಭಾಷಣ ಕೇಳಿದ್ದೇನೆ. ಮುತ್ಯಾ ಹೇಳಿದ್ದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಲಿಲ್ಲ.

ಆ ರವಿವಾರ ಬೆಳಿಗ್ಗೆ ಮುತ್ಯಾ ಒಗೆದ ಧೋತರ ಉಟ್ಟು, ಕರಿ ಟೋಪಿ ಹಾಕಿಕೊಂಡು, ಕಚೇರಿಗೆ ಹೊರಟವನ ಹಾಗೆ ತಯಾರಾಗಿ ಕಟ್ಟೆಯ ಮೇಲೆ ಕೂತ. "ಏನ್ ಕೇಳ್ತಿ ಕೇಳು. ಎಲ್ಲಾ ಹೇಳ್ತೀನಿ" ಎಂದ. ನಾನು "ಈಗ ಬಂದೆ" ಎಂದು ಗಿಲ್ಲಿ ದಾಂಡು ಆಡಲು ಓಡಿದವನು ಹೊತ್ತು ಮುಳುಗಿದ ಮೇಲೆ ಬಂದೆ. ಮುತ್ಯಾ ಟೋಪಿ ತೆಗೆದಿಟ್ಟಿದ್ದ. ಸೋಮವಾರ ಮಾಸ್ತರು ಯಾವುದೋ ತರಬೇತಿಗೆ ಹೋಗಿದ್ದರು, ಮರಳಿ ಬಂದ ಮೇಲೆ ಕೇಳಲು ಮರೆತರು. ಮುತ್ಯಾ ಮರೆಯಲಿಲ್ಲ. "ಮಾಸ್ತರ್ ಏನಂದ್ರು?" ಎಂದು ಕೇಳಿದ. "ಛಲೋ ಅದ ಅಂದ್ರು" ಎಂದೆ. "ತೋರ್ಸು, ನಾನೂ ಓದ್ತೀನಿ" ಎಂದ. "ಮಾಸ್ತರ ಹಂತೇಕ ಅದ" ಎಂದೆ. ಅವನು ನಂಬಿದ. ಎದುರುಮನೆಯವರಿಗೆ, "ನಮ್ಮ ಹುಡುಗ ನನ್ನ ಮ್ಯಾಲ ಒಂದು ಲೇಖ ಬರ್ದಾನ" ಎಂದು ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಎರಡು ವರ್ಷದ ಮೇಲೆ ತೀರಿಕೊಂಡ. ಈ ಮಾತನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ನನ್ನ ಹೆಂಡತಿಗೂ ಹೇಳಿಲ್ಲ.

ಈಗ ಸಬಾಳ ವಿಷಯಕ್ಕೆ ಬರುತ್ತೇನೆ. ಎಣ್ಣೆಯ ಕಲೆಯ ಕಾಗದ ಸಿಕ್ಕಿದ ವಾರವೇ ಅದು ನಡೆಯಿತು.

ಸಬಾ ಬಿ.ಎ. ಎರಡನೆಯ ವರ್ಷದ ಹುಡುಗಿ, ಮನೆ ಗಾಜಿಪುರದಲ್ಲಿ. ತರಗತಿಯಲ್ಲಿ ಬಾಯಿ ಬಿಡುವವಳಲ್ಲ. ಆಕೆಯ "ನಮ್ಮ ಮನೆಯ ಒಂದು ಕೋಣೆ" ಸಾಫ್ಟ್‌ವೇರಿನಲ್ಲಿ ಹಾಯ್ದು ಬಂತು. ಹೊಂದಾಣಿಕೆ ಸೊನ್ನೆ. ಅಂಥ ಸೊನ್ನೆಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಓದಲು ಕೂತೆ.

"ಆ ಕೋಣೆಯಲ್ಲಿ ಅಬ್ಬಾ ಬಾಳೆಗೊನೆಗಳನ್ನು ಹಣ್ಣಿಗೆ ಇಡುತ್ತಾರೆ. ಬಾಗಿಲು ತೆಗೆದರೆ ಮೊದಲು ವಾಸನೆ ಬರುತ್ತದೆ. ಆಮೇಲೆ ಕತ್ತಲು ಕಾಣುತ್ತದೆ. ಕತ್ತಲು ಕಾಣುತ್ತದೆಯೆ ಯೋಚಿಸು. ಸ್ವಲ್ಪ ನಿಂತರೆ ಕೆಂಪು ಗೊನೆಗಳು ಒಂದೊಂದಾಗಿ ಕಾಣುತ್ತವೆ. ಅಬ್ಬಾ ಒಂದೊಂದು ಗೊನೆಗೂ ಒಂದೊಂದು ಹೆಸರಿಡುತ್ತಾರೆ. ಬಹಳ ಚೆನ್ನಾಗಿದೆ ಇನ್ನಷ್ಟು ಬರೆ. ಎಲ್ಲಕ್ಕಿಂತ ದಪ್ಪ ಗೊನೆಗೆ ನಮ್ಮ ಫುಪ್ಪಿಯ, ಅಂದರೆ ಸೋದರತ್ತೆಯ, ಹೆಸರು."

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. "ಯೋಚಿಸು" ಎಂದು ಓದುಗನನ್ನೇ ತಡೆದು ನಿಲ್ಲಿಸುವ ಧೈರ್ಯ ನೋಡಿ. "ಇನ್ನಷ್ಟು ಬರೆ" ಎಂದು ತನಗೆ ತಾನೇ ಹೇಳಿಕೊಳ್ಳುವ ಚೆಂದ ನೋಡಿ. ಇದು ಹೊಸ ಬರವಣಿಗೆ, ಇದನ್ನು ನಾವು ಹಳಬರು ಕಲಿಯಬೇಕು ಎಂದುಕೊಂಡೆ. ಕೊನೆಯಂತೂ ನನ್ನನ್ನು ದಂಗುಬಡಿಸಿತು: "ಈ ಸಲ ಒಂದು ಗೊನೆಗೆ ನನ್ನ ಹೆಸರಿಟ್ಟಿದ್ದಾರೆ. ಆ ಗೊನೆಯನ್ನು ಅರ್ಧಕ್ಕೆ ನಿಂತಿದೆ ಪೂರ್ತಿ ಮಾಡಿ ಸೋಮವಾರ ತಂದು ತೋರಿಸು." ವ್ಯಾಕರಣ ಮುರಿದಿತ್ತು, ನಿಜ. ಅದು ಬೇಕೆಂದೇ ಮುರಿದದ್ದು ಎಂದು ನಾನೇ ಆಕೆಯ ಪರವಾಗಿ ವಾದ ಮಾಡಿಕೊಂಡೆ.

ಸ್ಟಾಫ್ ರೂಮಿನಲ್ಲಿ ಅದನ್ನು ಜೋರಾಗಿ ಓದಿ ಹೇಳಿದೆ. ಇತಿಹಾಸದ ಮೇಡಂ ಕನ್ನಡಕ ಹಣೆಗೇರಿಸಿ ಕೇಳಿದರು. ಕೊನೆಯ ಸಾಲಿಗೆ ಬಂದಾಗ ಅವರ ಚಹಾ ನೆತ್ತಿಗೇರಿತು. ಕೆಮ್ಮಿ, ನಕ್ಕು, ಕಣ್ಣೊರೆಸಿಕೊಂಡು, "ಸರ್, ಅದು ಆಕಿ ಬರ್ದದ್ದಲ್ರೀ. ನೀವು ಬರ್ದದ್ದು" ಎಂದರು.

ಮತ್ತೆ ಓದಿದೆ. ಯೋಚಿಸು. ಇನ್ನಷ್ಟು ಬರೆ. ಸೋಮವಾರ ತಂದು ತೋರಿಸು. ಮೂರೂ ನನ್ನವೇ. ಯಾರದೋ ಹಳೆಯ ಬರವಣಿಗೆಯ ಅಂಚಿನಲ್ಲಿ ನಾನು ಎಂದೋ ಗೀಚಿದ ಮಾತುಗಳು ಬರವಣಿಗೆಯ ಒಳಗೇ ಬಂದು ಕೂತಿದ್ದವು. ನಕಲು ಹಿಡಿಯುವ ಸಮಿತಿಯ ಸಂಚಾಲಕನ ಮಾತನ್ನೇ ನಕಲು ಮಾಡಿದ್ದರು, ಸಂಚಾಲಕ ಅದನ್ನು ಹೊಸ ಸಾಹಿತ್ಯವೆಂದು ಹೊಗಳಿಯೂ ಆಗಿತ್ತು.

ಸಬಾಳನ್ನು ಕರೆಸಿದೆ. ಬಂದು ನಿಂತಳು. ಹಾಳೆಯನ್ನು ಮುಂದಿಟ್ಟು, "ಇದನ್ನ ನೀ ಓದಿದ್ಯೇನವಾ?" ಎಂದೆ.

"ಇಲ್ರೀ ಸರ್. ಟೈಮ್ ಇದ್ದಿಲ್ರೀ."

ಸುಳ್ಳು ಹೇಳಲು ಬಾರದ ಹುಡುಗಿ. ಉಳಿದದ್ದನ್ನು ತಾನೇ ಹೇಳಿದಳು. ಅದು ಆಕೆಯ ತಾಯಿಯ ಹಳೆಯ ನೋಟ್‌ಬುಕ್ಕು. ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟಿರುತ್ತಾರಂತೆ. ಪ್ರಬಂಧ ಕೊಡುವ ಕೊನೆಯ ದಿನ ಹತ್ತಿರ ಬಂದಾಗ, ತಾಯಿ ಹೊರಗೆ ಹೋದ ಹೊತ್ತಿನಲ್ಲಿ ಬೀಗ ತೆಗೆದು, ಎರಡು ಹಾಳೆ ಜೆರಾಕ್ಸ್ ಮಾಡಿಸಿ, ನೋಟ್‌ಬುಕ್ಕನ್ನು ಇದ್ದಲ್ಲೇ ಇಟ್ಟಳು. ಜೆರಾಕ್ಸನ್ನು ಶರಣಬಸವೇಶ್ವರ ದೇವಸ್ಥಾನದ ಹತ್ತಿರ ಟೈಪಿಂಗ್ ಅಂಗಡಿಗೆ ಕೊಟ್ಟಳು. ಜೆರಾಕ್ಸಿನಲ್ಲಿ ನನ್ನ ಕೆಂಪು ಶಾಯಿ ಕಪ್ಪಾಗಿತ್ತು. ಅಂಗಡಿಯವರು ಕಣ್ಣಿಗೆ ಕಂಡದ್ದನ್ನೆಲ್ಲ ಒಂದಕ್ಷರ ಬಿಡದೆ ಹೊಡೆದಿದ್ದರು. ಅವರನ್ನು ನಾನು ನೋಡಿಲ್ಲ, ಆದರೆ ಮುತ್ಯಾ ಇದ್ದಿದ್ದರೆ ಅವರಿಗೆ ಕೈಮುಗಿಯುತ್ತಿದ್ದ.

ನಿಯಮದ ಪ್ರಕಾರ ಸೊನ್ನೆ ಕೊಟ್ಟು, ಪ್ರಾಂಶುಪಾಲರಿಗೆ ತಿಳಿಸಿ, ಮನೆಗೆ ಪತ್ರ ಬರೆಯಬೇಕು ಎಂದೆ.

"ಸೊನ್ನೆ ಕೊಡ್ರಿ ಸರ್. ಮನಿಗಿ ಬರೀಬ್ಯಾಡ್ರಿ" ಎಂದಳು ಸಬಾ. ಹೇಳುತ್ತಲೇ ಅಳತೊಡಗಿದಳು. "ಅಮ್ಮಿ ಆ ನೋಟ್‌ಬುಕ್ ನಮ್ಮ ಅಬ್ಬಾಗೂ ಮುಟ್ಟಗೊಡಂಗಿಲ್ರಿ. ಆಕಿ ಕಾಲೇಜಿಂದು ಅಂತ ಮನ್ಯಾಗ ಇರೋದು ಅದೊಂದೇ ಅದ್ರಿ. ನಾ ಕೀಲಿ ತೆಗ್ದೀನಂತ ಗೊತ್ತಾದ್ರ ಆಕಿ ಬೈಯಂಗಿಲ್ರಿ ಸರ್. ಸುಮ್ಮನಾಗಿಬಿಡ್ತಾಳ್ರಿ. ಅದು ನಂಗ ತಡಿಯಂಗಿಲ್ಲ."

"ಅಮ್ಮಿ ಹೆಸರೇನು?"

"ನಸ್ರೀನ್ ಬೇಗಂ ಅಂತ್ರಿ. ನಿಮಗ ನೆನಪಿರಂಗಿಲ್ಲ ಬಿಡ್ರಿ. ಆಕಿ ಡಿಗ್ರಿ ಪೂರಾ ಮಾಡಿಲ್ರಿ."

ನೆನಪಿರಲಿಲ್ಲ. ಹೆಸರು ಹೇಳಿದ ಮೇಲೆ ಬಂತು. ಕಮಲಾಪುರದ ಬಸ್ಸಿನ ಹುಡುಗಿ. ದಿನವೂ ಮೊದಲ ಪೀರಿಯಡ್ಡಿಗೆ ಹತ್ತು ನಿಮಿಷ ತಡವಾಗಿ ಬಂದು, ಮೂರನೆಯ ಬೆಂಚಿನ ತುದಿಯಲ್ಲಿ ಕೂಡುತ್ತಿದ್ದಳು. ಮನೆಯಲ್ಲಿ ದಖನಿ ಉರ್ದು ಮಾತಾಡುವ ಹುಡುಗಿ ಎಂಬುದೂ ನೆನಪಾಯಿತು, ಏಕೆಂದರೆ "ಕತ್ತಲು ಕಾಣುತ್ತದೆ" ಎಂಬುದನ್ನು ನಾನು ತಪ್ಪೆಂದು ಗುರುತು ಹಾಕಿದ್ದು ಅದಕ್ಕೇ. ಅಂಧೇರಾ ದಿಖ್ತಾ ಎಂಬುದನ್ನು ಕನ್ನಡಕ್ಕೆ ಇಳಿಸಿದ್ದಾಳೆ, ನಮ್ಮಲ್ಲಿ ಕತ್ತಲು ಕವಿಯುತ್ತದೆ, ಕಾಣುವುದಿಲ್ಲ ಎಂದು ಆಗ ನನಗೆ ಬಹಳ ವಿಶ್ವಾಸವಿತ್ತು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತಷ್ಟೆ. ಒಂದು ದಿನದಿಂದಾಚೆ ಆಕೆ ಬರಲೇ ಇಲ್ಲ. ತಿಂಗಳಾದ ಮೇಲೆ ನಾನು ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಸ್ಕೇಲು ಇಟ್ಟು ಉದ್ದಕ್ಕೆ ಗೆರೆ ಎಳೆದೆ. ನನ್ನ ಊರಿನದೇ ಹುಡುಗಿ. ರವಿವಾರ ರವಿವಾರ ನಾನು ಅದೇ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿಬರುತ್ತಿದ್ದೆ. ಯಾಕೆ ಬರುತ್ತಿಲ್ಲವೆಂದು ಯಾರನ್ನೂ ಕೇಳಲಿಲ್ಲ. ಗೆರೆ ಮಾತ್ರ ನೆಟ್ಟಗೆ ಎಳೆದಿದ್ದೆ.

"ಪತ್ರ ಬರೆಯಂಗಿಲ್ಲ" ಎಂದೆ ಸಬಾಳಿಗೆ. "ಆದ್ರ ನೀನೇ ಹೇಳಬೇಕು ಅಮ್ಮಿಗೆ."

ಆಕೆ ತಲೆ ತಗ್ಗಿಸಿದಳು.

"ಇದರ ಮ್ಯಾಲ ನಕಲು ಅಂತ ಬರಿ. ಯಾರ ಬರಹ, ಯಾವ ಊರು, ನಕಲು ಮಾಡಿದವ್ರು ಯಾರು, ಎಲ್ಲಾ ಬರಿ. ಇದಕ್ಕ ಮಾರ್ಕ್ಸ್ ಸಿಗಂಗಿಲ್ಲ. ಆಮ್ಯಾಲ ನಿನ್ನ ಮನಿ ಕೋಣಿ ಬಗ್ಗೆ ನೀ ಬರಿ, ಕೈಲೆ ಬರಿ."

"ನಮ್ಮ ಮನ್ಯಾಗ ಇರೋದೇ ಒಂದ್ ಕೋಣಿ ಸರ್. ಮುಂಜಾನಿ ಅದೇ ಅಡಗಿಮನಿ, ಸಂಜಿಕ ಅಮ್ಮಿ ಟ್ಯೂಷನ್ ಅಲ್ಲೇ. ಅದ್ರಾಗ ಬರೀಲಿಕ್ಕ ಏನದರೀ?"

"ಅದನ್ನೇ ಬರಿ. ಬರ್ದು ಸೋಮವಾರ..." ಎಂದವನು ನಾಲಿಗೆ ಕಚ್ಚಿಕೊಂಡೆ. ಆ ಹುಡುಗಿ ಅಳುವಿನ ನಡುವೆಯೂ ನಕ್ಕಳು.

ವಿಷಯವನ್ನು ಪ್ರಾಂಶುಪಾಲರಿಗೆ ಕಳಿಸುವುದೋ ಬಿಡುವುದೋ ಎಂದು ಸಮಿತಿಯ ತುರ್ತು ಸಭೆ ನಡೆಸಿದೆ. ಸಂಚಾಲಕ, ಸದಸ್ಯ, ಕಾರ್ಯದರ್ಶಿ ಮೂವರೂ ನಾನೇ ಆದ್ದರಿಂದ ಸರ್ವಾನುಮತದಿಂದ ಕೈಬಿಡಲಾಯಿತು. ನಿಯಮ ಬಲ್ಲವರು ನನ್ನನ್ನು ಮನ್ನಿಸಬೇಕು. ಹೊರಗೆ ನಗುತ್ತಿದ್ದರೂ ಒಳಗೆ ಆ ನಾಲ್ಕು ದಿನ ನನಗೂ ಸಮಾಧಾನವಿರಲಿಲ್ಲ. ಹುಡುಗಿ ತಾಯಿಗೆ ಹೇಳಿದಳೋ ಇಲ್ಲವೋ. ಹೇಳಿದ್ದರೆ ಆ ತಾಯಿ ಸುಮ್ಮನಾಗಿಬಿಟ್ಟಿದ್ದರೆ ಏನು ಮಾಡುವುದು. ಯಾವ ಅಧಿಕಾರದಿಂದ ನಾನು ಆ ಟ್ರಂಕಿನ ಬೀಗದ ನಡುವೆ ತಲೆ ಹಾಕಿದೆ ಎಂದೆಲ್ಲ ಅನ್ನಿಸಿತು.

ಸೋಮವಾರ ಮೊದಲ ಪೀರಿಯಡ್ಡು ಮುಗಿಸಿ ಬಂದರೆ ಸ್ಟಾಫ್ ರೂಮಿನ ಬಾಗಿಲಲ್ಲಿ ಸಬಾ ನಿಂತಿದ್ದಳು. ಪಕ್ಕದಲ್ಲಿ ಕಪ್ಪು ಬುರ್ಖಾ ತೊಟ್ಟ ಒಬ್ಬ ಹೆಂಗಸು. ರಟ್ಟು ಹೋದ ಒಂದು ನೋಟ್‌ಬುಕ್ಕನ್ನು ಎರಡೂ ಕೈಯಿಂದ ಹಿಡಿದಿದ್ದರು.

"ನಮಸ್ಕಾರ್ರೀ ಸರ್. ನಾ ನಸ್ರೀನ್" ಎಂದರು. "ಸೋಮವಾರ ತಂದು ತೋರ್ಸು ಅಂದಿದ್ರಿ. ಸ್ವಲ್ಪ ತಡ ಆತ್ರೀ."

ಇತಿಹಾಸದ ಮೇಡಂ ಎದ್ದು ಕುರ್ಚಿ ಕೊಟ್ಟರು. ನಾನು ಹೇಳಿದೆ, "ಆಗ ನಾ ಕೇಳಬೇಕಿತ್ತವಾ. ಯಾಕ ಬರವಲ್ಲಿ ಅಂತ ಒಂದು ಮಾತು ಕೇಳಬೇಕಿತ್ತು."

"ನಮ್ಮ ಅಮ್ಮಿ ಬೀಮಾರ್ ಬಿದ್ದಿದ್ರೀ. ತಮ್ಮಂದ್ರು ಸಣ್ಣವ್ರಿದ್ರು. ನೀವು ಕೇಳಿದ್ರೂ ಬರಾಕ ಆಗ್ತಿದ್ದಿಲ್ರೀ" ಎಂದು ನನ್ನನ್ನೇ ಸಮಾಧಾನ ಮಾಡಿದರು. ಆಮೇಲೆ ನಕ್ಕು, "ನಾ ಈಗ ಓಣಿ ಹುಡುಗರಿಗಿ ಕನ್ನಡ ಟ್ಯೂಷನ್ ಹೇಳ್ತೀನ್ರೀ. ಯಾರರ ಅರ್ಧಾ ಬರ್ದು ತಂದ್ರ ಸೋಮವಾರ ತಂದು ತೋರ್ಸು ಅಂತೀನಿ. ಅದೂ ನಕಲೇ ಅದ, ಏನನಬ್ಯಾಡ್ರಿ" ಎಂದರು.

"ಮಗಳ ಮ್ಯಾಲ ಸಿಟ್ಟು ಬಂತೇನು?"

"ಬಂತ್ರೀ. ಒಂದಿನ ಮಾತಾಡ್ಲಿಲ್ಲ. ಆಮ್ಯಾಲ ಆಕಿ ಹಾಳಿ ಮ್ಯಾಲ ನಕಲು ಅಂತ ಬರ್ದು, ಕೆಳಗ ನನ್ನ ಹೆಸರು ಹಾಕಿ ತಂದು ತೋರ್ಸಿದಳು. ಅಚ್ಚಾದ ಹಾಳ್ಯಾಗ ನನ್ನ ಹೆಸರು ನಾ ನೋಡೇ ಇದ್ದಿಲ್ರೀ ಸರ್." ಅಷ್ಟು ಹೇಳಿ ಮಗಳ ಬೆನ್ನ ಮೇಲೆ ಕೈಯಿಟ್ಟರು. ಸಬಾ ಆ ಕೈಗೆ ಒರಗಿ ನಿಂತಳು.

ನೋಟ್‌ಬುಕ್ಕು ತೆರೆದೆ. ಇಪ್ಪತ್ತಮೂರು ವರ್ಷದ ಹಿಂದಿನ ನೀಲಿ ಶಾಯಿ, ಅಂಚಿನಲ್ಲಿ ಮಾಸಿದ ನನ್ನ ಕೆಂಪು. "ಆ ಗೊನೆಯನ್ನು" ಎಂಬಲ್ಲಿ ನಿಂತಿದ್ದ ಸಾಲು ಈಗ ಹೊಸ ಶಾಯಿಯಲ್ಲಿ ಮುಂದುವರಿದಿತ್ತು: "ಆ ಗೊನೆಯನ್ನು ಅಬ್ಬಾ ಮಾರಲಿಲ್ಲ. ಅಮ್ಮಿ ದವಾಖಾನೆಯಿಂದ ಮನೆಗೆ ಬಂದ ದಿನ ಓಣಿಗೆಲ್ಲ ಹಂಚಿದರು. ಎಲ್ಲರೂ ತಿಂದ ಮೇಲೆ ಕೊನೆಯ ಹಣ್ಣು ನನಗೆ ಕೊಟ್ಟು, ಇದು ನಿನ್ನದೇ ಮಗಳೇ ಎಂದರು. ನಾನು ಅದನ್ನು ಕೋಣೆಯ ಕತ್ತಲಲ್ಲಿ ನಿಂತು ತಿಂದೆ." ಅದರ ಮೇಲಿನ ಅಂಚಿನಲ್ಲಿ, "ಕತ್ತಲು ಕಾಣುತ್ತದೆಯೆ ಯೋಚಿಸು" ಎಂಬ ನನ್ನ ಗೀಚಿನ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ ಉತ್ತರ ಬರೆದಿತ್ತು: "ಯೋಚಿಸಿದೆ ಸರ್. ಕಾಣುತ್ತದೆ."

ನನಗೆ ಕಣ್ಣು ಮಂಜಾಯಿತು. ಅದನ್ನು ಮುಚ್ಚಿಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ. ಕೆಂಪು ಪೆನ್ನು ತೆಗೆದು ನನ್ನ ಗೀಚನ್ನು ಹೊಡೆದು ಹಾಕಿದೆ.

"ಮಾರ್ಕ್ಸ್ ಹಾಕ್ರಿ ಸರ್. ಆಗ ಹತ್ತಕ್ಕ ಇತ್ತು" ಎಂದರು ನಸ್ರೀನ್.

ಒಂಬತ್ತು ಹಾಕಿದೆ.

"ಒಂದ್ ಯಾಕ ಕಡಿಮಿ ಸರ್?"

"ತಡ ಮಾಡಿದ್ದಕ್ಕ."

ಮೂವರೂ ನಕ್ಕೆವು. ಆಕೆ ಆ ಒಂಬತ್ತನ್ನು ಸ್ವಲ್ಪ ಹೊತ್ತು ನೋಡಿ, ಶಾಯಿ ಒಣಗಲೆಂದು ಮೆಲ್ಲಗೆ ಊದಿ, ನೋಟ್‌ಬುಕ್ಕನ್ನು ಬುರ್ಖಾದ ಒಳಗೆ ಇಟ್ಟುಕೊಂಡರು. ಸಬಾ ತನ್ನ ಕೈಬರಹದ ಪ್ರಬಂಧವನ್ನು ನನ್ನ ಮೇಜಿನ ಮೇಲಿಟ್ಟಳು. ಅದರಲ್ಲಿ ಕಾಗುಣಿತದ ತಪ್ಪುಗಳು ಬಹಳ ಇದ್ದವು. ಬೆಳಗಿನ ರೊಟ್ಟಿಯ ಹಿಟ್ಟು ಸಂಜೆ ಟ್ಯೂಷನ್ ಹುಡುಗರ ಚಡ್ಡಿಗೆ ಹತ್ತುವುದನ್ನು ಬರೆದಿದ್ದಳು. ಅದು ಯಾವ ವೆಬ್‌ಸೈಟಿನಲ್ಲಿಯೂ ಇಲ್ಲ.

ಅವರು ಹೋದ ಮೇಲೆ ನನಗೆ ಒಂದು ಲೆಕ್ಕ ತಪ್ಪಿದ್ದು ಹೊಳೆಯಿತು. ತಡ ಮಾಡಿದ್ದಕ್ಕೆ ಒಂದು ಅಂಕ ಕಳೆದವನು ನಾನು. ಇಪ್ಪತ್ತಮೂರು ವರ್ಷಕ್ಕೆ ಒಂದು ಅಂಕವಾದರೆ ಮತ್ತೊಬ್ಬನಿಗೆ ಎಷ್ಟು ಕಳೆಯಬೇಕು? ಕಮಲಾಪುರದ ಕಟ್ಟೆಯ ಮೇಲೆ ಒಗೆದ ಧೋತರ ಉಟ್ಟು, ಕರಿ ಟೋಪಿ ಹಾಕಿಕೊಂಡು, ಏನು ಕೇಳ್ತಿ ಕೇಳು ಎಂದು ಕೂತವನನ್ನು ಬಿಟ್ಟು ಓಡಿದವನಿಗೆ?

ಮನೆಗೆ ಬಂದು ಕಪಾಟು ತೆಗೆದೆ. ಎಣ್ಣೆಯ ಕಲೆಯ ಕಾಗದವನ್ನು ಎದುರಿಗಿಟ್ಟುಕೊಂಡು ಒಂದು ಬಿಳಿ ಹಾಳೆ ತೆಗೆದುಕೊಂಡೆ. ಮಾಸ್ತರು ಇಲ್ಲ, ತೋರಿಸು, ನಾನೂ ಓದುತ್ತೇನೆ ಎಂದವನೂ ಇಲ್ಲ. ಆದರೂ ಹಾಳೆಯ ನೆತ್ತಿಯ ಮೇಲೆ, ನಡುವೆ, ಮುತ್ಯಾ ನಕಲು ಎಂದು ಬರೆಯುತ್ತಿದ್ದ ಜಾಗದಲ್ಲಿ, ಅವನಷ್ಟು ದುಂಡಗಲ್ಲದಿದ್ದರೂ ದೊಡ್ಡದಾಗಿ "ಅಸಲು" ಎಂದು ಬರೆದೆ. ಅದರ ಕೆಳಗೆ ಮೊದಲ ಸಾಲು ಬರೆದೆ: ನನ್ನ ಮುತ್ಯಾನಿಗೆ ಮೀಸೆ ಇರಲಿಲ್ಲ.